ಅಸಲಿ ಯಾವುದು, ರಿಮೇಕ್ ಯಾವುದು: ಕಸಿನ್ಸ್ ಗುಂಪಿನ ಒಂದು ಜಗಳ

ಗುಂಪು: ಅಜ್ಜಿ ಮನೆ ಮೊಮ್ಮಕ್ಕಳು

ಪ್ರದೀಪಣ್ಣ: [ಫೋಟೋ. ಎಡಕ್ಕೆ ಟಿವಿಗೆ ಜೋಡಿಸುವ ಫ್ಯಾಮಿಕಾಮ್ ಯಂತ್ರದ 1990ರ ವಿಡಿಯೋ ಗೇಮ್ ‘ಫೈನಲ್ ಫ್ಯಾಂಟಸಿ 3’, ಬಲಕ್ಕೆ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಡಿಎಸ್‌ಗೆ ಅದನ್ನೇ 2006ರಲ್ಲಿ ಹೊಸದಾಗಿ ಮಾಡಿದ ರಿಮೇಕ್. ಕೆಳಗೆ ಬರೆದಿದ್ದು: ಎಡಗಡೆ ಆಟ, ಬಲಗಡೆ ವ್ಯಾಪಾರ.]

ಪ್ರದೀಪಣ್ಣ: ಎಲ್ಲರೂ ನೋಡಿ. ನಾನು ಹೇಳ್ತಾ ಬಂದಿದ್ದನ್ನೇ ಯಾರೋ ಒಂದು ಚಿತ್ರದಲ್ಲಿ ಹೇಳಿಬಿಟ್ಟಿದ್ದಾರೆ.

ಸುಮಾ: ಅಣ್ಣ, ಇದು ಅನ್ಯಾಯದ ಮಾತು. ಎಡಗಡೆ ಇರುವ ಆಟ ಆಗ ಜಪಾನಿನ ಹೊರಗೆ ಬರಲೇ ಇಲ್ಲ. ಜಪಾನಿ ಓದಲು ಬಾರದವರ ಕೈಗೆ ಅದು ಸಿಕ್ಕಿದ್ದೇ ಬಲಗಡೆಯ ಡಿಎಸ್‌ನಿಂದ. ವ್ಯಾಪಾರ ಅಂತಲೇ ಇಟ್ಟುಕೋ. ಆ ವ್ಯಾಪಾರ ಇಲ್ಲದಿದ್ದರೆ ನಮ್ಮಲ್ಲಿ ಎಷ್ಟು ಜನ ಅದನ್ನು ಆಡುತ್ತಿದ್ದೆವು?

ಪ್ರದೀಪಣ್ಣ: ಸಿಕ್ಕಿತು, ಸರಿ. ಆದರೆ ಏನು ಸಿಕ್ಕಿತು? ಮೂಲದಲ್ಲಿ ಕಾಳಗ ಅಂದರೆ ಶತ್ರುಗಳ ಹಿಂಡೇ ಎದುರು ನಿಲ್ಲುತ್ತಿತ್ತು. ಡಿಎಸ್‌ನಲ್ಲಿ ಒಂದು ಸಲಕ್ಕೆ ಮೂರೇ. ಎಲ್ಲವನ್ನೂ 3ಡಿ ಮಾಡಲು ಹೋಗಿ ಹಿಂಡನ್ನೇ ಕರಗಿಸಿಬಿಟ್ಟರು. ಇನ್ನು ಆ ನಾಲ್ಕು ಅನಾಥ ಮಕ್ಕಳು. ಮೂಲದಲ್ಲಿ ಅವರಿಗೆ ಸ್ವಂತ ಹೆಸರಿಲ್ಲ, ಸ್ವಭಾವ ಇಲ್ಲ. ಅದನ್ನು ಆಡುವವನೇ ತುಂಬಿಕೊಳ್ಳಬೇಕು. ರಿಮೇಕ್‌ನಲ್ಲಿ ಲೂನೆತ್, ಆರ್ಕ್, ರೆಫಿಯಾ, ಇಂಗಸ್ ಅಂತ ಹೆಸರಿಟ್ಟು ಒಬ್ಬೊಬ್ಬರಿಗೂ ಒಂದು ಕಥೆ ಅಂಟಿಸಿದ್ದಾರೆ.

ಸುಮಾ: ಹಿಂಡಿನ ವಿಷಯ ಒಪ್ಪುತ್ತೇನೆ. ಕೊನೆಯ ಹಂತದ ವಿಷಯ ನೀನೇ ಬಿಟ್ಟುಬಿಟ್ಟೆ, ಅದನ್ನೂ ಸೇರಿಸು. ಅಲ್ಲಿ ಸೇವ್ ಮಾಡುವ ಜಾಗವೇ ಇಲ್ಲ. ಕೊನೆಯ ಬಾಸ್, ಅಂದರೆ ಕೊನೆಯ ದೊಡ್ಡ ಶತ್ರುವಿನ ಕೈಯಲ್ಲಿ ಸತ್ತರೆ ಗಂಟೆಗಟ್ಟಲೆ ಆಡಿದ್ದು ನೀರುಪಾಲು. ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ತರುವಾಗ ಮೊದಲು ಸರಿಮಾಡಬೇಕಿದ್ದದ್ದೇ ಅದು. ಮಾಡಲಿಲ್ಲ. ಆದರೆ ಇದು ಆ ಒಂದು ರಿಮೇಕ್‌ನ ತಪ್ಪು. ಅದನ್ನು ಹಿಡಿದುಕೊಂಡು ಎಲ್ಲವನ್ನೂ ಒಂದೇ ಏಟಿಗೆ ತಳ್ಳಿಹಾಕಬೇಡ.

ನಿಧಿ: ನಾನು ಈ ಆಟಗಳನ್ನು ಒಂದೂ ಆಡಿಲ್ಲ. ಎಲ್ಲಿಂದ ಶುರು ಮಾಡಲಿ?

ಪ್ರದೀಪಣ್ಣ: ಮೂಲದಿಂದ.

ಸುಮಾ: ನಿಧಿ, ಸ್ವಲ್ಪ ತಡಿ. ಮೊದಲು ಇವನ ಜೊತೆ ಮುಗಿಸ್ತೀನಿ.

ಸುಮಾ: ಅಣ್ಣ, ‘ಡ್ರ್ಯಾಗನ್ ಕ್ವೆಸ್ಟ್ 4’ ತಗೋ. ಫ್ಯಾಮಿಕಾಮ್‌ನಲ್ಲಿ 1990. ನಾಲ್ಕು ಅಧ್ಯಾಯ ಬೇರೆ ಬೇರೆ ಜನರ ಕಥೆ. ಐದನೆಯದರಲ್ಲಿ ನಾಯಕ ಬರುತ್ತಾನೆ, ಎಲ್ಲರೂ ಅವನ ಜೊತೆ ಸೇರುತ್ತಾರೆ. ಆದರೆ ಆ ಅಧ್ಯಾಯದಲ್ಲಿ ಸಂಗಡಿಗರಿಗೆ ನೇರವಾಗಿ ಆಜ್ಞೆ ಕೊಡುವ ಹಾಗಿಲ್ಲ. ತಂತ್ರ ಮಾತ್ರ ಆರಿಸಬೇಕು, ಉಳಿದದ್ದು ಅವರ ಇಷ್ಟ. ಪೂಜಾರಿ ಕಿರಿಲ್ ಏನು ಮಾಡುತ್ತಾನೆ? ಗಾಯಗೊಂಡವರನ್ನು ನೋಡುವುದು ಬಿಟ್ಟು, ಬಾಸ್ ಮೇಲೆ ಸಾವಿನ ಮಂತ್ರ ಹಾಕುತ್ತಾ ಕೂರುತ್ತಾನೆ. ಬಾಸ್‌ಗೆ ಆ ಮಂತ್ರ ನಾಟುವುದೇ ಇಲ್ಲ. ಮತ್ತೆ ಹಾಕುತ್ತಾನೆ. ರಿಮೇಕ್‌ನಲ್ಲಿ ಅವನಿಗೆ ‘ಗುಣಪಡಿಸು’ ಅಂತ ನೀನೇ ಹೇಳಬಹುದು. ಇದರಿಂದ ಆಟ ಕೆಟ್ಟಿತು ಅಂತ ಹೇಳು ನೋಡೋಣ.

ಪ್ರದೀಪಣ್ಣ: ಅವನು ಹಾಗೆ ಮಾಡುವುದೇ ಅವನ ಸ್ವಭಾವ ಕಣೇ. ಎಲ್ಲರೂ ಹೇಳಿದ ಹಾಗೆ ಕೇಳುವ ಗೊಂಬೆಗಳಾದರೆ ಏನು ಚೆಂದ?

ಮಂಜು: ನಾನು ಸುಮಕ್ಕನ ಕಡೆ. ‘ಪರ್ಸೋನಾ 3’ರದ್ದೂ ಇದೇ ಕಥೆ. ಟಿವಿಗೆ ಜೋಡಿಸುವ ಪಿಎಸ್2ರ (ಪ್ಲೇಸ್ಟೇಷನ್ 2) 2006ರ ಆಟದಲ್ಲಿ ಸಂಗಡಿಗರು ತಮಗೆ ತೋಚಿದ್ದು ಮಾಡುತ್ತಿದ್ದರು. ಕೈಯಲ್ಲಿ ಹಿಡಿಯುವ ಪಿಎಸ್‌ಪಿಯ 2009ರ ಆವೃತ್ತಿಯಲ್ಲಿ ಅವರೂ ನಮ್ಮ ಕೈಗೆ ಬಂದರು. ಅದಕ್ಕಿಂತ ದೊಡ್ಡದು, ಹುಡುಗಿಯನ್ನೇ ನಾಯಕಿಯಾಗಿ ಆರಿಸಿಕೊಳ್ಳುವ ಅವಕಾಶ. ಅವಳಿಗೆ ಸಿಗುವ ಗೆಳೆತನಗಳು ಬೇರೆ, ಮಾತುಗಳು ಬೇರೆ.

ಪ್ರದೀಪಣ್ಣ: ಅದಕ್ಕೆ ಬದಲಾಗಿ ಊರಲ್ಲಿ ನಡೆದಾಡುವುದನ್ನೇ ಕಿತ್ತುಹಾಕಿದರು ಮಂಜು. ನಿಂತ ಚಿತ್ರದ ಮೇಲೆ ಕರ್ಸರ್ ಓಡಿಸಬೇಕು. ಶಾಲೆಯ ಕಾರಿಡಾರ್‌ನಲ್ಲಿ ಓಡುವ ಖುಷಿ ಎಲ್ಲಿ ಹೋಯಿತು?

ಮಂಜು: ಹೋಯಿತು, ನಿಜ. ಆದರೆ 2024ರಲ್ಲಿ ದೊಡ್ಡ ಯಂತ್ರಗಳಿಗೆ ಹೊಸದಾಗಿ ಮಾಡಿದ ರಿಮೇಕ್ ನೋಡು. ನಡೆದಾಟ ಇದೆ, ಚಂದದ ಚಿತ್ರ ಇದೆ. ಆ ಹುಡುಗಿ ಇಲ್ಲ. ನನಗೆ ಕಾರಿಡಾರ್‌ಗಿಂತ ಅವಳೇ ಮುಖ್ಯ.

ಸುಮಾ: ಇದೇ ನಾನು ಹೇಳೋದು. ಚಿತ್ರ ಹಳೆಯದರ ಹಾಗೆ ಇದೆಯಾ ಇಲ್ಲವಾ ಅಂತ ಅಳೆಯಬೇಡಿ. ಆ ಆಟದ ಜನರ ಜೊತೆ ಇರಲು ರಿಮೇಕ್ ಹೆಚ್ಚು ಜಾಗ ಕೊಟ್ಟಿತಾ, ಕಿತ್ತುಕೊಂಡಿತಾ ಅಂತ ನೋಡಿ. ಈ ಆಟಗಳು ಉದ್ದ. ಹತ್ತಾರು ಗಂಟೆ ಅವರ ಜೊತೆಯೇ ಕಳೆಯಬೇಕು. ಕೈಯಲ್ಲಿ ಹಿಡಿಯುವ ಯಂತ್ರ ಅದಕ್ಕೆ ಹೇಳಿ ಮಾಡಿಸಿದ್ದು. ಡಿಎಸ್ ಮುಚ್ಚಳ ಮುಚ್ಚಿದರೆ ಆಟ ಇದ್ದಲ್ಲೇ ನಿಲ್ಲುತ್ತದೆ, ತೆರೆದರೆ ಅದೇ ಗುಹೆಯ ಅದೇ ತಿರುವು. ಲೆವೆಲ್ ಏರಿಸಲು ಸಣ್ಣ ಸಣ್ಣ ಕಾಳಗ ಮಾಡುವುದು ಟಿವಿ ಮುಂದೆ ಬೇಜಾರು. ಮಲಗುವ ಮುಂಚೆ ದಿಂಬಿಗೆ ಒರಗಿ ಮಾಡಿದರೆ ಅದೇ ಹಿತ.

ಸುಮಾ: ‘ಡ್ರ್ಯಾಗನ್ ಕ್ವೆಸ್ಟ್ 5’ ಇನ್ನೂ ಒಳ್ಳೆ ಉದಾಹರಣೆ. ಜಪಾನಿನಲ್ಲಿ 1992ಕ್ಕೇ ಬಂದಿತ್ತು. ಇಂಗ್ಲಿಷ್‌ನಲ್ಲಿ ಅಧಿಕೃತವಾಗಿ ಬಂದಿದ್ದು 2009ರಲ್ಲಿ, ಅದೂ ಡಿಎಸ್‌ಗೆ. ಶುರುವಿನಲ್ಲಿ ನೀನು ಪುಟ್ಟ ಹುಡುಗ. ಅಪ್ಪ ಪ್ಯಾಂಕ್ರಾಸ್ ಜೊತೆ ನಡೆಯುತ್ತೀಯ. ಕಾಳಗದಲ್ಲಿ ನಿನ್ನ ಏಟಿಗೆ ಏನೂ ಆಗುವುದಿಲ್ಲ, ಅಪ್ಪ ಒಂದೇ ಏಟಿಗೆ ಮುಗಿಸುತ್ತಾನೆ. ಆಮೇಲೆ ನೀನು ಕೇಳದೆ, ಬಟನ್ ಒತ್ತದೆ, ಅವನೇ ನಿನ್ನ ಗಾಯಕ್ಕೆ ಮಂತ್ರ ಹಾಕುತ್ತಾನೆ. ಮಾತಿಲ್ಲ. ಅಪ್ಪ ಅಂದರೆ ಏನು ಅಂತ ಆಟದ ನಿಯಮದಲ್ಲೇ ತೋರಿಸಿಬಿಟ್ಟಿದ್ದಾರೆ. ಇದು ಮೂಲದಲ್ಲೂ ಇತ್ತು. ರಿಮೇಕ್ ಅದನ್ನು ಮುಟ್ಟದೆ ಹಾಗೇ ಬಿಟ್ಟಿದೆ. ಅದರ ಸುತ್ತ ಬೇಕಾದ್ದನ್ನು ಸೇರಿಸಿದೆ. ಮೂಲದಲ್ಲಿ ಕಾಳಗಕ್ಕೆ ಮೂವರೇ ನಿಲ್ಲುತ್ತಿದ್ದರು, ಇಲ್ಲಿ ನಾಲ್ವರು. ಊರಿಗೆ ಹೋದಾಗ ಸಂಗಡಿಗರನ್ನು ಮಾತಾಡಿಸಬಹುದು. ಆಮೇಲೆ ಅಪ್ಪನಿಗೆ

ಮಂಜು: ಸುಮಕ್ಕ, ನಿಧಿ ಇದ್ದಾಳೆ, ಮುಂದಿನ ಕಥೆ ಹೇಳಬೇಡ!!

ಸುಮಾ: ಈ ಸಂದೇಶವನ್ನು ಅಳಿಸಲಾಗಿದೆ

ನಿಧಿ: ನಾನು ಏನೂ ಓದಲಿಲ್ಲ, ಕಣ್ಣು ಮುಚ್ಚಿಕೊಂಡೆ.

ಪ್ರದೀಪಣ್ಣ: ಸಂಗಡಿಗರ ಜೊತೆ ಮಾತು ಅಂದೆಯಲ್ಲ, ಒಳ್ಳೇದಾಯಿತು. ನಿನ್ನದೇ ಅಳತೆಗೋಲು ಹಿಡಿಯೋಣ. ನಾಲ್ಕನೇ ಆಟದ ಡಿಎಸ್ ರಿಮೇಕ್ ಜಪಾನಿನಲ್ಲಿ ಬಂದಾಗ ಆ ಮಾತುಕತೆ ಇತ್ತು. 2008ರಲ್ಲಿ ಇಂಗ್ಲಿಷ್‌ಗೆ ಬಂದಾಗ ಪೂರ್ತಿ ತೆಗೆದುಹಾಕಿದ್ದರು. ಪ್ರತಿ ಊರಿಗೆ, ಪ್ರತಿ ಘಟನೆಗೆ ಬರೆದಿದ್ದ ಸಾಲುಗಳು. ಎಲ್ಲವೂ ಮಾಯ. ಇದಕ್ಕೇನು ಹೇಳುತ್ತೀಯ?

ಸುಮಾ: ಇದಕ್ಕೆ ಸಮರ್ಥನೆ ಇಲ್ಲ ಅಣ್ಣ. ನನಗೂ ಅದು ಸಿಟ್ಟಿನ ವಿಷಯ. ಅದೇ ಒಂದು ಕಾರಣಕ್ಕೆ ಆ ಇಂಗ್ಲಿಷ್ ಆವೃತ್ತಿ ಅರ್ಧ ಮೂಕವಾಗಿದೆ. ಆದರೆ 2014ರಲ್ಲಿ ಫೋನಿಗೆ ಬಂದಾಗ ಅದನ್ನು ಇಂಗ್ಲಿಷ್‌ನಲ್ಲಿ ವಾಪಸ್ ಕೊಟ್ಟರು. ಅಂದರೆ ರಿಮೇಕ್ ಕಳೆದದ್ದನ್ನು ಇನ್ನೊಂದು ಬಿಡುಗಡೆ ತುಂಬಿಕೊಟ್ಟಿತು.

ಪ್ರದೀಪಣ್ಣ: ಫೋನ್‌ಗೆ ಬಟನ್ ಇಲ್ಲ.

ಮಂಜು: ಇದು ಒಬ್ಬರಾದ ಮೇಲೆ ಒಬ್ಬರು ಸರದಿಯಂತೆ ಹೊಡೆಯುವ ಆಟ ಅಣ್ಣ, ಬಟನ್ ಬೇಕೇ ಬೇಕು ಅಂತ ಏನಿಲ್ಲ. ಫೋನ್ ನೆಟ್ಟಗೆ ಹಿಡಿದು ಒಂದೇ ಕೈಲಿ ಆಡಬಹುದು.

ಪ್ರದೀಪಣ್ಣ: ನನಗೆ ಒಪ್ಪಿಗೆಯಾಗುವ ರಿಮೇಕ್ ಒಂದೇ. 2008ರ ಡಿಎಸ್ ‘ಕ್ರೊನೊ ಟ್ರಿಗರ್’. 1995ರ ಚಿತ್ರಗಳನ್ನು ಮುಟ್ಟಲಿಲ್ಲ. ಡಿಎಸ್‌ನ ಎರಡು ಪರದೆಗಳಲ್ಲಿ ಮೆನು ಎಲ್ಲ ಕೆಳಗಿನದಕ್ಕೆ ಹೋಯಿತು, ಮೇಲೆ ಕಾಳಗ ಮಾತ್ರ ಉಳಿಯಿತು. ಅದೂ ಬೇಡ ಅಂದವರಿಗೆ ಹಳೇ ಜೋಡಣೆ ಆರಿಸಿಕೊಳ್ಳುವ ಅವಕಾಶ ಇತ್ತು. ನಡುವೆ ಬಂದ ಪ್ಲೇಸ್ಟೇಷನ್ ಆವೃತ್ತಿಯಲ್ಲಿ ಲೋಡ್ ಆಗುವುದನ್ನು ಕಾಯುತ್ತಾ ಕೂರಬೇಕಿತ್ತು. ಆ ಕಾಟವೂ ಇಲ್ಲ.

ಸುಮಾ: ಅದು ರಿಮೇಕ್ ಅಲ್ಲವೇ ಅಲ್ಲ, ಹಳೆಯದನ್ನೇ ಒಪ್ಪವಾಗಿ ತಂದದ್ದು. ಚೆನ್ನಾಗಿದೆ, ನನಗೂ ಇಷ್ಟ. ಆದರೆ ಎಲ್ಲಾ ಆಟಕ್ಕೂ ಅಷ್ಟೇ ಸಾಲದು. 2000ದ ‘ಡ್ರ್ಯಾಗನ್ ಕ್ವೆಸ್ಟ್ 7’ರಲ್ಲಿ ಮೊದಲ ಕಾಳಗಕ್ಕೇ ಗಂಟೆಗಟ್ಟಲೆ ಕಾಯಬೇಕು. ಡಿಎಸ್ ನಂತರದ ಯಂತ್ರವಾದ 3ಡಿಎಸ್‌ನ ರಿಮೇಕ್ ಆ ಆರಂಭವನ್ನು ಕತ್ತರಿಸಿ ಚಿಕ್ಕದು ಮಾಡಿತು, ಕಾಳಗಕ್ಕೆ ಮೊದಲೇ ರಾಕ್ಷಸರು ದಾರಿಯಲ್ಲಿ ಕಣ್ಣಿಗೆ ಕಾಣುವ ಹಾಗೆ ಮಾಡಿತು. ಎಷ್ಟೋ ಜನ ಆ ಆಟ ಮುಗಿಸಲು ಅದೇ ಕಾರಣ.

ಪ್ರದೀಪಣ್ಣ: ಆ ನಿಧಾನವೇ ನನಗೆ ಇಷ್ಟ ಸುಮಾ. ಏನೂ ಆಗದ ದ್ವೀಪದಲ್ಲಿ ಸುಮ್ನೆ ಅಲೆಯುವುದು, ಲೋಕದಲ್ಲಿ ಇದೊಂದೇ ನೆಲ ಅನ್ನಿಸುವುದು. ಆಮೇಲೆ ಇನ್ನೊಂದು ದ್ವೀಪ ಎದ್ದು ಬಂದಾಗ ಮೈ ಜುಂ ಅನ್ನುತ್ತದೆ. ಕತ್ತರಿ ಹಾಕಿದರೆ ಆ ಜುಂ ಕಡಿಮೆಯಾಗುತ್ತದೆ.

ಸುಮಾ: ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನೀನು ಹೇಳಿದ್ದು ಸರಿ ಇರಬಹುದು. ಹಾಗಾದರೆ ಆ ಫೋಟೋದಲ್ಲಿ ‘ವ್ಯಾಪಾರ’ ಅಂತ ಬರೆದದ್ದನ್ನು ಬಿಟ್ಟು, ಇದನ್ನೇ ಬರೆದು ಹಾಕಬಾರದಿತ್ತಾ?

ಪ್ರದೀಪಣ್ಣ: ಫೋಟೋ ನನ್ನದಲ್ಲ. ಮಾತು ನನ್ನದು. 7ರ ವಿಷಯದಲ್ಲಿ ಒಂದು ಇಂಚೂ ಬಿಡಲ್ಲ.

ನಿಧಿ: ನಾನು ಫೋನಲ್ಲಿ ‘ಡ್ರ್ಯಾಗನ್ ಕ್ವೆಸ್ಟ್ 4’ ಹಾಕಿಕೊಂಡೆ. ಸೈನಿಕ ರ‍್ಯಾಗ್ನರ್. ಕಳೆದುಹೋದ ಮಕ್ಕಳನ್ನು ಹುಡುಕುತ್ತಿದ್ದೇನೆ. ಹೀಲಿ ಅಂತ ಒಂದು ಸ್ಲೈಮ್, ಲೋಳೆಯಂಥ ಪುಟ್ಟ ರಾಕ್ಷಸ, ಜೊತೆಗೆ ಬಂತು, ಮನುಷ್ಯ ಆಗಬೇಕಂತೆ!

ಪ್ರದೀಪಣ್ಣ: ಹೀಲಿ ಸಿಕ್ಕನಾ! ಅವನನ್ನು ಸಾಯಲು ಬಿಡಬೇಡ.

ಸುಮಾ: ಊರಿಗೆ ವಾಪಸ್ ಹೋದಾಗ ಅವನನ್ನು ಮಾತಾಡಿಸು ನಿಧಿ. ಜನರ ಹತ್ತಿರ ಮಾತಾಡಿದ ಮೇಲೆ ಒಂದು ಸಲ, ಗುಹೆಗೆ ಇಳಿದ ಮೇಲೆ ಇನ್ನೊಂದು ಸಲ. ಪ್ರತಿ ಸಲ ಬೇರೆ ಮಾತು. ಇಂಗ್ಲಿಷ್ ಡಿಎಸ್‌ನಲ್ಲಿ ಕಿತ್ತುಹಾಕಿದ್ದು ಅದನ್ನೇ.