‘ಟ್ರೈ ಆನ್’ ಅಂದರೆ ‘ಪ್ರಯತ್ನಿಸಿ’ ಅಲ್ಲ; ‘ವರ್ಧಿತ ವಾಸ್ತವ’ದ ಬಗ್ಗೆಯೂ ಒಂದು ಪ್ರಶ್ನೆ

ಗೆಳೆಯರೇ, ನಮಸ್ಕಾರ.

ಸೋಫಾ, ಮೇಜು, ಕನ್ನಡಕ, ಒಡವೆ ಎಲ್ಲ ಮಾರುವ ಒಂದು ಆ್ಯಪನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದೇನೆ. ಫೋನಿನ ಕ್ಯಾಮೆರಾವನ್ನು ನಿಮ್ಮ ಹಾಲ್ ಕಡೆ ಹಿಡಿದರೆ, ನೀವು ಆರಿಸಿದ ಸೋಫಾ ನಿಮ್ಮ ನೆಲದ ಮೇಲೇ ಇಟ್ಟ ಹಾಗೆ ಪರದೆಯಲ್ಲಿ ಕಾಣುತ್ತದೆ. ಮುಖದ ಕಡೆ ಹಿಡಿದರೆ ಕನ್ನಡಕ ಮೂಗಿನ ಮೇಲೆ ಬಂದು ಕೂರುತ್ತದೆ. ಆಗ್ಮೆಂಟೆಡ್ ರಿಯಾಲಿಟಿ ಅನ್ನುತ್ತಾರಲ್ಲ, ಅದೇ. ಇಲ್ಲಿ ಬರುವ ಕೆಲವು ಪದಗಳಿಗೆ ನಿಮ್ಮ ನೆರವು ಬೇಕು.

ಮೊದಲು ಗುಂಡಿಯ ಮೇಲಿನ ಮಾತು. ‘ಟ್ರೈ ಆನ್’ ಅನ್ನುವುದಕ್ಕೆ ಯಂತ್ರ ಕೊಟ್ಟ ಅನುವಾದ ‘ಪ್ರಯತ್ನಿಸಿ’. ಕನ್ನಡಕದ ಚಿತ್ರದ ಕೆಳಗೆ ‘ಪ್ರಯತ್ನಿಸಿ’ ಅಂತ ಇದ್ದರೆ ಏನು ಪ್ರಯತ್ನ ಮಾಡಬೇಕು? ಅಂಗಡಿಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ‘ಹಾಕಿ ನೋಡಿ’ ಅನ್ನುತ್ತಾರೆ.

ಈ ‘ನೋಡಿ’ ನನಗೆ ತುಂಬ ಹಿಡಿಸಿತು. ತಿಂದು ನೋಡು, ಕೂತು ನೋಡು, ಕೇಳಿ ನೋಡು. ಇಲ್ಲೆಲ್ಲ ಕಣ್ಣಿಗೆ ಕೆಲಸವೇ ಇಲ್ಲ, ಮಾಡಿ ಪರೀಕ್ಷಿಸು ಅಂತ ಅರ್ಥ. ಆದರೆ ಫೋನಿನ ಪರದೆಯಲ್ಲಿ ನಡೆಯುವುದು ಬರೀ ಕಣ್ಣಿನ ನೋಟ. ಸೋಫಾವನ್ನು ‘ಇಟ್ಟು ನೋಡಿ’ ಅನ್ನಬಹುದು, ಎರಡೂ ಅರ್ಥ ಕೂಡಿ ಬರುತ್ತದೆ. ‘ಕೂತು ನೋಡಿ’ ಅನ್ನಲಾಗದು. ಈ ತಂತ್ರ ಎಲ್ಲಿಯವರೆಗೆ ಕೆಲಸಕ್ಕೆ ಬರುತ್ತದೆ ಅನ್ನುವುದನ್ನು ನಮ್ಮ ಕ್ರಿಯಾಪದವೇ ಹೇಳಿಬಿಡುತ್ತದೆ, ಅಲ್ವಾ?

ಇನ್ನೊಂದು ತೊಡಕು. ‘ಟ್ರೈ ಆನ್’ ಎಲ್ಲಕ್ಕೂ ಒಂದೇ. ನಮಗೆ ಹಾಗಲ್ಲ. ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂವು ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಬೊಟ್ಟು ಇಡುತ್ತೇವೆ. ಹಾಗಾಗಿ ಒಂದೇ ಗುಂಡಿಗೆ ಒಂದೇ ಮಾತು ಸಾಲದು. ಸೀರೆಯ ಬಗ್ಗೆ ಇನ್ನೂ ಒಂದು ಸೂಕ್ಷ್ಮ ಇದೆ. ಅಂಗಡಿಯಲ್ಲಿ ಸೆರಗನ್ನು ಹೆಗಲ ಮೇಲೆ ಹರಡಿಕೊಂಡು ಕನ್ನಡಿ ಮುಂದೆ ನಿಲ್ಲುತ್ತೇವಲ್ಲ, ಅದಕ್ಕೆ ‘ಉಟ್ಟು ನೋಡು’ ಅನ್ನುವುದಿಲ್ಲ, ‘ಮೈಮೇಲೆ ಹಾಕಿ ನೋಡು’ ಅನ್ನುತ್ತೇವೆ. ಫೋನಿನಲ್ಲಿ ಆಗುವುದೂ ಅಷ್ಟೇ. ಹಾಗಾಗಿ ಸೀರೆಗೆ ‘ಮೈಮೇಲೆ ಹಾಕಿ ನೋಡಿ’ ಅಂತಲೇ ಬರೆದಿದ್ದೇನೆ.

ಬರೆದದ್ದನ್ನು ಅಮ್ಮನ ಕೈಗೆ ಕೊಟ್ಟು ಪರೀಕ್ಷೆ ಮಾಡಿದೆ. ನಮ್ಮ ಮನೆಯ ನೆಲಕ್ಕೆ ಬಿಳಿ ಟೈಲ್ಸು. ನೆಲದ ಮೇಲಿನ ಗೆರೆ, ಕಲೆ, ಅಂಚು ಇಂಥ ಗುರುತುಗಳನ್ನು ಕ್ಯಾಮೆರಾ ಹಿಡಿದು ಫೋನು ನೆಲವನ್ನು ಲೆಕ್ಕ ಹಾಕುತ್ತದೆ. ಖಾಲಿ ಬಿಳುಪಿನಲ್ಲಿ ಅದಕ್ಕೆ ಗುರುತೇ ಸಿಗಲಿಲ್ಲ. ‘ಸಮತಲ ಪತ್ತೆಯಾಗಿಲ್ಲ’ ಅಂತ ಬಂತು, ಅದು ನಾನೇ ಬರೆದ ಸಾಲು. “ಏನು ಪತ್ತೆಯಾಗಿಲ್ಲವಂತೆ?” ಅಂದರು ಅಮ್ಮ. ನೆಲ ಸಿಗುತ್ತಿಲ್ಲ ಅಂದೆ. ಒಳಗೆ ಹೋಗಿ ಪಟ್ಟೆ ಪಟ್ಟೆಯ ಚಾಪೆ ತಂದು ಹಾಸಿದರು. ನೆಲ ಸಿಕ್ಕಿತು, ಮೇಜು ಬಂತು. ಆಮೇಲೆ ಪರದೆ ನೋಡುತ್ತಲೇ ನಡೆದವರು ಸೀರೆಯ ನೆರಿಗೆ ಒಂಚೂರು ಎತ್ತಿಕೊಂಡು, ಅಲ್ಲಿಲ್ಲದ ಮೇಜಿನ ಮೂಲೆಯನ್ನು ಬಳಸಿಕೊಂಡು ಹೋದರು. “ಇಲ್ಲಿಟ್ಟರೆ ದೇವರ ಮನೆ ಬಾಗಿಲು ಪೂರ್ತಿ ತೆಗೆಯೋಕಾಗಲ್ಲ” ಅಂದರು. ಆ ಸಾಲನ್ನು ಅವತ್ತೇ ‘ನೆಲ ಸಿಗುತ್ತಿಲ್ಲ, ಫೋನನ್ನು ನಿಧಾನಕ್ಕೆ ಆಡಿಸಿ’ ಅಂತ ಬದಲಾಯಿಸಿದೆ.

ಈಗ ದೊಡ್ಡ ಪದ. ಆಗ್ಮೆಂಟೆಡ್ ರಿಯಾಲಿಟಿಗೆ ‘ವರ್ಧಿತ ವಾಸ್ತವ’ ಅನ್ನುವುದು ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ, ಗೊತ್ತು. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ವರ್ಧಿಸುವುದು ಅಂದರೆ ಬೆಳೆಯುವುದು, ಹೆಚ್ಚುವುದು. ಇಲ್ಲಿ ವಾಸ್ತವ ಎಲ್ಲಿ ಬೆಳೆಯಿತು? ನಮ್ಮ ಹಾಲ್ ಇದ್ದಷ್ಟೇ ಇದೆ. ಇಂಗ್ಲಿಷಿನ ಆ ಹೆಸರು ಹುಟ್ಟಿದ ಜಾಗ ನೋಡಿದರೆ ವಿಷಯ ತಿಳಿಯಾಗುತ್ತದೆ. 1990ರಲ್ಲಿ ಬೋಯಿಂಗ್ ಕಂಪನಿಯ ಟಾಮ್ ಕಾಡೆಲ್ ಇದನ್ನು ಬಳಕೆಗೆ ತಂದರು ಅನ್ನುತ್ತಾರೆ. ವಿಮಾನದ ತಂತಿಗಳನ್ನು ದೊಡ್ಡ ಹಲಗೆಗಳ ಮೇಲೆ ಹಾಯಿಸಿ ಕಂತೆ ಕಟ್ಟುವ ಕೆಲಸ ಅಲ್ಲಿ ನಡೆಯುತ್ತಿತ್ತು. ತಲೆಗೆ ಹಾಕಿಕೊಳ್ಳುವ ಪಾರದರ್ಶಕ ಪರದೆಯೊಂದು, ಯಾವ ತಂತಿ ಎಲ್ಲಿ ಹೋಗಬೇಕು ಅಂತ ಹಲಗೆಯ ಮೇಲೇ ತೋರಿಸಿದರೆ ಹೇಗೆ ಅನ್ನುವುದು ಅವರ ಯೋಚನೆ. 1992ರಲ್ಲಿ ಡೇವಿಡ್ ಮಿಜೆಲ್ ಜೊತೆ ಸೇರಿ ಇದರ ಬಗ್ಗೆ ಪ್ರಬಂಧವನ್ನೂ ಬರೆದರು. ಹಲಗೆ ಹಲಗೆಯೇ. ಕೆಲಸಗಾರನ ನೋಟಕ್ಕೆ ಇನ್ನೊಂದು ಗೆರೆ ಕೂಡಿಕೊಂಡಿತು, ಅಷ್ಟೆ. ಕೂಡಿದ್ದು ನೋಟಕ್ಕೆ, ವಾಸ್ತವಕ್ಕಲ್ಲ.

ಹಾಗಾಗಿ ‘ನೋಟ’ದ ಸುತ್ತ ಹುಡುಕಿದೆ. ‘ಮೇಲ್ನೋಟ’ ಎಷ್ಟು ಚೆನ್ನಾಗಿತ್ತು! ಕಂಡದ್ದರ ಮೇಲೆ ಇನ್ನೊಂದು ನೋಟ. ಆದರೆ ಅದಕ್ಕೆ ಆಗಲೇ ಬೇರೆ ಅರ್ಥ ಇದೆ. ‘ಬೆರಕೆ ನೋಟ’ ಅಂದರೆ ಕಲಬೆರಕೆ ನೆನಪಾಗುತ್ತದೆ, ವ್ಯಾಪಾರದಲ್ಲಿ ಆ ಪದ ಹತ್ತಿರಕ್ಕೂ ಬರಬಾರದು. ‘ತೋರಿಕೆ’ಯಲ್ಲಿ ಸುಳ್ಳಿನ ವಾಸನೆ ಇದೆ. ವೇದಾಂತದ ಹಗ್ಗ-ಹಾವಿನ ಉದಾಹರಣೆ ನೆನೆದು ‘ಆರೋಪ’ದ ತನಕ ಹೋದೆ. ಒಂದರ ಮೇಲೆ ಇನ್ನೊಂದನ್ನು ಇಡುವುದೇ ಅದರ ಮೂಲ ಅರ್ಥ. ಆದರೆ ಹಾವು ಕಂಡವನಿಗೆ ಹಗ್ಗ ಕಾಣುವುದಿಲ್ಲ. ಇಲ್ಲಿ ಮೇಜು ಇಲ್ಲ ಅಂತ ಗೊತ್ತಿದ್ದೇ ನೋಡುತ್ತೇವೆ. ಸಾಲದ್ದಕ್ಕೆ ಇವತ್ತು ‘ಆರೋಪ’ ಅಂದರೆ ಕೋರ್ಟು ಕಚೇರಿಯ ಮಾತು.

ಕೊನೆಗೆ ‘ಕೂಡುನೋಟ’ ಅಂತ ಮಾಡಿಕೊಂಡಿದ್ದೇನೆ. ಕೂಡುಕುಟುಂಬ, ಕೂಡುರಸ್ತೆ ಇದ್ದ ಹಾಗೆ. ಪೂರ್ತಿ ಕಲ್ಪಿತ ಜಗತ್ತನ್ನೇ ತೋರಿಸುವ ವರ್ಚುವಲ್ ರಿಯಾಲಿಟಿಯಿಂದ ಇದನ್ನು ಬೇರೆ ಮಾಡಿ ಹೇಳಲೂ ಸುಲಭ. ಅಲ್ಲಿ ನಮ್ಮ ಮನೆ ಮರೆಯಾಗುತ್ತದೆ, ಇಲ್ಲಿ ಮನೆಯೂ ಇರುತ್ತದೆ.

ಆದರೆ ಗಿರಾಕಿಗೆ ಈ ಹೆಸರನ್ನು ಹೇಳಲೇಬೇಕಾ ಅನ್ನುವುದೂ ನನ್ನ ಪ್ರಶ್ನೆ. 2017ರಲ್ಲಿ ಪೀಠೋಪಕರಣ ಮಾರುವ ಐಕಿಯಾ ಕಂಪನಿ ಇಂಥದ್ದೇ ಆ್ಯಪ್ ಬಿಟ್ಟಾಗ ಅದಕ್ಕೆ ‘ಪ್ಲೇಸ್’ ಅಂತ ಹೆಸರಿಟ್ಟಿತು. ತಂತ್ರಜ್ಞಾನದ ಸುದ್ದಿ ಇಲ್ಲ, ‘ಇಡು’ ಅನ್ನುವ ಕೆಲಸದ ಹೆಸರು. ಅಳತೆ ಶೇ 98ರಷ್ಟು ಸರಿ ಅಂತಲೂ ಆ ಕಂಪನಿ ಹೇಳಿತ್ತು. ಉಳಿದ ಶೇ 2 ಅಂದರೆ ಆರಡಿ ಸೋಫಾಕ್ಕೆ ಹತ್ತಿರ ಹತ್ತಿರ ಒಂದೂವರೆ ಇಂಚು. ಬಾಗಿಲು ತೆಗೆಯೋಕಾಗದೆ ಇರಲು ಅಷ್ಟು ಸಾಕು. ನಮ್ಮ ಆ್ಯಪಿನಲ್ಲಿ ‘ನೈಜ ಗಾತ್ರ’ ಅಂತ ಇದ್ದ ಕಡೆ ‘ಸುಮಾರು ಇಷ್ಟೇ ದೊಡ್ಡದು, ಕೊಳ್ಳುವ ಮುಂಚೆ ಟೇಪು ಹಿಡಿದು ಅಳೆಯಿರಿ’ ಅಂತ ಸೇರಿಸಿದ್ದೇನೆ. ಸಾಲು ಉದ್ದವಾಯಿತು, ಇರಲಿ.

ನಿಮ್ಮಿಂದ ತಿಳಿಯಬೇಕಾದ್ದು ಇಷ್ಟು. ‘ಕೂಡುನೋಟ’ ಕಿವಿಗೆ ಹೇಗಿದೆ? ಈಗಾಗಲೇ ಬೇರೆ ಅರ್ಥದಲ್ಲಿ ಎಲ್ಲಾದರೂ ಕಂಡಿದ್ದೀರಾ? ಬಳೆ, ಉಂಗುರ, ಓಲೆಗಳಿಗೆ ನಿಮ್ಮ ಕಡೆ ‘ತೊಟ್ಟು ನೋಡು’ ಅನ್ನುತ್ತಾರೋ, ‘ಹಾಕಿ ನೋಡು’ ಅನ್ನುತ್ತಾರೋ, ‘ಇಟ್ಟು ನೋಡು’ ಅನ್ನುತ್ತಾರೋ? ಊರಿನ ಹೆಸರು ಸೇರಿಸಿ ಬರೆದರೆ ಉಪಕಾರ. ಬಳೆಯ ಗುಂಡಿ ಇನ್ನೂ ಖಾಲಿ ಇದೆ.