ಅಪ್‌ಡೇಟ್: ಈ ಸಲ ದೊಡ್ಡ ಸಿಗಡಿ ರಬ್ಬರ್ ಆಗಲಿಲ್ಲ

ಹೋದ ವಾರ ಕೇಳಿದ್ದೆ: ದೊಡ್ಡ ಸಿಗಡಿಯ ಘೀ ರೋಸ್ಟ್ ಮಾಡಿದಾಗೆಲ್ಲ ರಬ್ಬರಿನ ಹಾಗೆ ಆಗುತ್ತದೆ, ಯಾಕೆ ಅಂತ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮತ್ತೆ ಮಾಡಿದೆ.

ನೀವು ಹೇಳಿದ್ದೇ ಸರಿ, ಜಾಸ್ತಿ ಬೇಯಿಸುತ್ತಿದ್ದೆ. ಮಸಾಲೆಯಲ್ಲೇ ಹಾಕಿ 15 ನಿಮಿಷ! ಈ ಸಲ ಅರ್ಧ ಕೆಜಿ ಸಿಗಡಿಯ ಸಿಪ್ಪೆ ಬಿಡಿಸಿ, ಬೆನ್ನು ಸೀಳಿ ಕಪ್ಪು ನರ ತೆಗೆದೆ. ಬಾಲ ಹಾಗೇ ಬಿಟ್ಟೆ. ಉಪ್ಪು, ಅರಿಶಿನ, ನಿಂಬೆರಸ ಹಚ್ಚಿ 10 ನಿಮಿಷ ಮಾತ್ರ ಇಟ್ಟೆ. ತುಂಬಾ ಹೊತ್ತು ಇಟ್ಟರೆ ಹುಳಿಗೇ ಗಟ್ಟಿಯಾಗುತ್ತದೆ ಅಂದಿದ್ದರು ಒಬ್ಬರು. ಆಮೇಲೆ ನೀರು ಒರೆಸಿ, ಬಿಸಿ ತುಪ್ಪದಲ್ಲಿ ಒಂದೊಂದು ಬದಿ 2 ನಿಮಿಷ. ಬೂದು ಬಣ್ಣ ಹೋಗಿ ಕೆಂಪಾಯಿತು, ಮೈ ಬಾಗಿತು. ಪೂರ್ತಿ ಉಂಗುರದ ಹಾಗೆ ಸುತ್ತಿಕೊಳ್ಳುವ ಮೊದಲೇ ತೆಗೆದಿಟ್ಟೆ. ಬ್ಯಾಡಗಿ ಮೆಣಸಿನ ಮಸಾಲೆ ಬೇರೆಯೇ ಹುರಿದೆ, ತುಪ್ಪ ಬಿಡುವ ತನಕ. ಸಿಗಡಿ ಕೊನೆಯ 1 ನಿಮಿಷಕ್ಕೆ ಹಾಕಿದ್ದು, ಅಷ್ಟೇ.

ಕಚ್ಚಿದರೆ ಒಳಗೆ ರಸ ಇತ್ತು! ಅಮ್ಮ ನೀರುದೋಸೆ ಜೊತೆ ಎರಡು ಸಲ ಹಾಕಿಸಿಕೊಂಡರು. ಸಿಪ್ಪೆ, ತಲೆ ಎಸೆಯಬೇಡಿ ಅಂದಿದ್ದಿರಿ ಅಲ್ವಾ? ಅದನ್ನು ಕುದಿಸಿ ಸೋಸಿದ ನೀರು ಫ್ರಿಜ್‌ನಲ್ಲಿದೆ, ನಾಳೆ ಗಸಿಗೆ.