ನಮ್ಮ ತರವಾಡು ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಿನ್ನೆ ರಾತ್ರಿ

ಕುಂಬಳೆ ದೊಡ್ಡಮ್ಮ: (ಫಾರ್ವರ್ಡ್) ಗರ್ಭಿಣಿಯರೇ ಎಚ್ಚರ! ಪ್ಲಾಸ್ಟಿಕ್, ಸೊಳ್ಳೆಬತ್ತಿ, ಕೀಟನಾಶಕ ಒಟ್ಟಿಗೆ ಸೇರಿದರೆ ಮಗುವಿಗೆ ವಿಷ! ವಿಜ್ಞಾನಿಗಳೇ ಹೇಳಿದ್ದಾರೆ. ಎಲ್ಲರಿಗೂ ಕಳಿಸಿ.

ಬೆಂಗಳೂರು ಭಾವ: ಯಾವ ವಿಜ್ಞಾನಿ ಅತ್ತೆ? ಎಲ್ಲಿಯ ಅಧ್ಯಯನ? ಸುಮ್ನೆ ಹೆದರಿಸಬೇಡಿ.

ಪೆರ್ಲ ಮಾವ: ನಮ್ಮಮ್ಮ ಒಲೆಯ ಹೊಗೆಯಲ್ಲೇ ಒಂಬತ್ತು ಹೆತ್ತರು. ಈಗಿನವರಿಗೆ ಎಲ್ಲದಕ್ಕೂ ಭಯ. ದೇವರ ಮೇಲೆ ನಂಬಿಕೆ ಬೇಕು.

ಮುಳ್ಳೇರಿಯ ಚಿಕ್ಕಮ್ಮ: ಒಂಬತ್ತರಲ್ಲಿ ಉಳಿದದ್ದು ಆರು. ಅದನ್ನೂ ಹೇಳಿ ಅಣ್ಣ.

ದುಬೈ ಪುಟ್ಟ: ಗೇರು ತೋಟಕ್ಕೆ ಮದ್ದು ಬಿಡಲು ಹೆಲಿಕಾಪ್ಟರ್ ಬರುತ್ತಿತ್ತಲ್ವಾ! ನಾವೆಲ್ಲ ಗುಡ್ಡ ಹತ್ತಿ ಓಡುತ್ತಿದ್ದೆವು. ಮೈಮೇಲೆ ತುಂತುರು ಬಿದ್ದರೆ ಎಂತ ಖುಷಿ!

ಚಿಕ್ಕಮ್ಮ: ಬಾವಿಗೆ ತೆಂಗಿನ ಮಡಲು ಮುಚ್ಚಿ ಅಂತ ನಾನು ಹೇಳಿದ್ದೆ. ನಕ್ಕದ್ದು ಯಾರು?

ಪೆರ್ಲ ಮಾವ: ಆಸ್ತಿ ಪಾಲಿನ ಸಿಟ್ಟು ಇಲ್ಲಿ ತೀರಿಸಬೇಡ.

ಚಿಕ್ಕಮ್ಮ: ಪಾಲಿನ ಮಾತಲ್ಲ. ಆಗ ನನಗೆ ಐದು ತಿಂಗಳು.

ನಾನು: ಭಾವ, ಮೂಲ ಕೇಳಿದಿರಲ್ಲ. ಯುರೋಪಿನ ಆರು ದೇಶಗಳಲ್ಲಿ ಹೆಲಿಕ್ಸ್ ಎಂಬ ಅಧ್ಯಯನ ನಡೆದಿದೆ. ಸುಮಾರು 1,300 ತಾಯಿ-ಮಕ್ಕಳ ಜೋಡಿಗಳು. ರಕ್ತ, ಮೂತ್ರದಲ್ಲಿ ರಾಸಾಯನಿಕ ಅಳೆದರು. ಊರಿನ ಗಾಳಿ, ಸದ್ದು, ಹಸಿರನ್ನೂ ಜೊತೆಗೇ ಲೆಕ್ಕ ಹಾಕಿದರು. ಸುರಕ್ಷಿತ ಮಿತಿ ಇಡುವುದು ಸಾಮಾನ್ಯವಾಗಿ ಒಂದೊಂದೇ ವಸ್ತುವಿಗೆ. ಬಸುರಿಯ ಮೈಗೆ ಅವು ಸಾಲಾಗಿ ನಿಂತು ಬರುವುದಿಲ್ಲ. ಒಂದೇ ಹಾರ್ಮೋನಿನ ಕೆಲಸ ಕೆಡಿಸುವ ನಾಲ್ಕು ವಸ್ತು ಸ್ವಲ್ಪ ಸ್ವಲ್ಪ ಸೇರಿದರೂ ಪರಿಣಾಮ ಜಾಸ್ತಿಯಾಗಬಹುದು. ಯಾವುದರಿಂದ ಏನಾಯಿತು ಎಂದು ಬಿಡಿಸುವುದು ಮಾತ್ರ ತುಂಬ ಕಷ್ಟ. ಹಾಗಾಗಿ ದೊಡ್ಡಮ್ಮ ಕಳಿಸಿದ್ದರ ಅಬ್ಬರ ತಪ್ಪು, ಪ್ರಶ್ನೆ ಸರಿ. ನಮ್ಮ ಕಾಸರಗೋಡಿನ ಗುಡ್ಡಗಳ ಮೇಲೆ 2000ದ ವರೆಗೆ, 20 ವರ್ಷಕ್ಕೂ ಜಾಸ್ತಿ, ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ದೇಶದಲ್ಲಿ ಅದನ್ನು ಸುಪ್ರೀಂ ಕೋರ್ಟ್ ತಡೆದದ್ದು 2011ರಲ್ಲಿ. ಕೆಳಗೆ ಬಸುರಿಯರಿದ್ದಾರಾ ಅಂತ ಯಾರು ಕೇಳಿದರು? ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಭಾವ: ಲಿಂಕ್ ಕಳಿಸು.

ದೊಡ್ಡಮ್ಮ: ನಾನು ಒಳ್ಳೆಯದಕ್ಕೇ ಕಳಿಸಿದ್ದು. ನನ್ನನ್ನೇ ಬೈಯುತ್ತೀರಿ.

ಪುಟ್ಟ: ಆ ಗೇರುಹಣ್ಣಿನ ರುಚಿ ಈಗ ಎಲ್ಲೂ ಇಲ್ಲ.

ಪೆರ್ಲ ಅತ್ತಿಗೆ: ಮಾವ, ಬರುವ ವಾರ ಅಡಿಕೆಗೆ ಮದ್ದು ಬಿಡುವವರು ಬರುತ್ತಾರಂತೆ. ಮೈಲುತುತ್ತು ಕಲಸುವುದು ಬಾವಿಕಟ್ಟೆಯ ಹತ್ತಿರವೇ ಅಲ್ವಾ? ನನಗೀಗ ಏಳು ತಿಂಗಳು. ಆ ದಿನಗಳಲ್ಲಿ ನಾನು ಎಲ್ಲಿರಲಿ?

ಚಿಕ್ಕಮ್ಮ: ನಮ್ಮಲ್ಲಿಗೆ ಬಾ ಮಗಳೇ. ನಾಳೆಯೇ ಬಾ.